ಒಂದೇ ಲಾಟು

ಮೇಸ್ತ್ರಿಯ ತಲೆ ನೋಡಿದವರಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಬುಡದಿಂದ ನಾಲ್ಕೈದು ಬೆರಳಿನಷ್ಟು ಅಚ್ಚ ಬಿಳುಪು, ಅಲ್ಲಿಂದ ತುದಿಯವರೆಗೆ ಕಪ್ಪು, ನಡುವೆ ಸ್ಕೇಲಿಟ್ಟು ಎಳೆದ ಹಾಗೆ ಒಂದು ಗೆರೆ. ಅದೂ ಹೋಗಲಿ ಎಂದರೆ ಆ ಕೂದಲು ಕಿವಿ ಮುಚ್ಚಿ, ಕಾಲರು ದಾಟಿ, ಭುಜಕ್ಕೆ ಬಂದು ಕೂತಿತ್ತು. ಅರವತ್ತೇಳು ವರ್ಷದ ಮನುಷ್ಯ! ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು ಬೀದಿಗೆ ಇಳಿದವನಲ್ಲ, ಚಪ್ಪಲಿಯ ಮೇಲೆ ಧೂಳು ಕೂರಲು ಬಿಟ್ಟವನಲ್ಲ. ಅಂಥವನ ತಲೆ ಹೀಗಾದರೆ ಬೀದಿಯವರ ಬಾಯಿ ಸುಮ್ಮನಿರುತ್ತದೆಯೇ?

"ಹೆಂಡ್ತಿ ಹೋದ್ಮೇಲೆ ಗಂಡಸಿಗೆ ಹೇಳೋರಿಲ್ಲ ಕೇಳೋರಿಲ್ಲ ನೋಡಿ" ಎಂದು ಎದುರು ಮನೆಯ ಅಜ್ಜಿ ಅವನಿಗೆ ಕೇಳುವ ಹಾಗೆಯೇ ನಿಟ್ಟುಸಿರು ಬಿಡುತ್ತಿದ್ದಳು. ದಿನಸಿ ಅಂಗಡಿಯವನು, "ಏನ್ ಮೇಸ್ತ್ರಿ, ಸಿನಿಮಾದಲ್ಲಿ ಋಷಿಯ ಪಾರ್ಟು ಸಿಕ್ತಾ?" ಅನ್ನುತ್ತಿದ್ದ. ಇನ್ನು ಕೆಲವರು ಬುದ್ಧಿವಂತರು. "ಒಳ್ಳೇ ಕೆಲ್ಸ ಮಾಡಿದ್ರಿ, ಡೈ ಬಿಟ್ಟಿದ್ದು. ಈಗ ಎಲ್ಲಾರೂ ಬಿಡ್ತಿದಾರೆ. ವಯಸ್ಸು ಎಷ್ಟಿದ್ಯೋ ಅಷ್ಟೇ ಕಾಣ್ಬೇಕು ಮನುಷ್ಯ" ಎಂದು ಬೆನ್ನು ತಟ್ಟುತ್ತಿದ್ದರು. ಮೇಸ್ತ್ರಿ ಎಲ್ಲರಿಗೂ ಹೂಂಗುಟ್ಟುತ್ತಿದ್ದ. ಬಣ್ಣ ಬಿಟ್ಟದ್ದೇನೋ ನಿಜ. ಆದರೆ ಕತ್ತರಿಯನ್ನೂ ಯಾಕೆ ಬಿಟ್ಟಿದ್ದಾನೆ ಎಂದು ಒಬ್ಬರಾದರೂ ಯೋಚಿಸಿದರೇ? ಇಲ್ಲ. ಜನಕ್ಕೆ ಮಾತು ಬೇಕು, ಕಾರಣ ಯಾರಿಗೆ ಬೇಕು?

ಕಾರಣ ಇಷ್ಟೇ. ಆ ಕಪ್ಪು ಅವನ ಹೆಂಡತಿ ಹಚ್ಚಿದ್ದು. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಹಿತ್ತಿಲ ಕಟ್ಟೆಯ ಮೇಲೆ ಅವನನ್ನು ಕೂರಿಸಿ ಹಚ್ಚಿದಳು. ಬುಧವಾರ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ತಿರುಗಿಸಿದ್ದು ತಿರುಗಿಸಿದ ಹಾಗೇ ಇರುವಾಗಲೇ ಕುಸಿದಳು. ಮೇಸ್ತ್ರಿ ಒಳಗಿಂದ, "ನೀರು ಹೋಗ್ತಿದೆ ಕಣೇ, ನಲ್ಲಿ ನಿಲ್ಸು" ಎಂದು ಎರಡು ಸಲ ಕೂಗಿದ. ಎರಡನೇ ಸಲ ಸ್ವಲ್ಪ ಸಿಡುಕಿಯೇ ಕೂಗಿದ. ಆ ಸಿಡುಕು ನೆನಪಾದರೆ ಈಗಲೂ ಅವನು ತಟ್ಟೆಯ ಮುಂದಿನಿಂದ ಎದ್ದುಬಿಡುತ್ತಾನೆ.

ಅವಳ ಸೀರೆಗಳನ್ನು ಮಗಳು ಒಯ್ದಳು, ಹೊದಿಕೆ ಹಂಚಿಹೋಯಿತು, ಡಬ್ಬಿಗಳಲ್ಲಿ ಅವಳು ತುಂಬಿಟ್ಟ ಕಾಳು ಬೇಳೆ ತಿಂಗಳೆರಡರಲ್ಲಿ ಮುಗಿದವು. ಮಾಡಿದ್ದು ಮುಗಿಯಿತು, ಮುಟ್ಟಿದ್ದು ತೊಳೆದುಹೋಯಿತು. ಉಳಿದದ್ದು ಇವನ ತಲೆಯ ಮೇಲಿನ ಆ ಕಪ್ಪು. ಬಿಳಿ ಬೆಳೆದಷ್ಟೂ ಅದು ಕೆಳಗಿಳಿಯುತ್ತಿತ್ತು. ಕತ್ತರಿ ಬಿದ್ದರೆ ಅದೂ ಇಲ್ಲ.

ಈ ಮನುಷ್ಯ ಬೇರೆ ಯಾರಾದರೂ ಆಗಿದ್ದರೆ ಕಪ್ಪು ಕಪ್ಪೇ ಎಂದು ಬಿಟ್ಟುಬಿಡುತ್ತಿದ್ದನೋ ಏನೋ. ಆದರೆ ಮೇಸ್ತ್ರಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಣ್ಣ ನೋಡಿದವನು. ನೋಡುವುದೇ ಕೆಲಸ. ಹಂಡೆಯಿಂದ ಒಂದು ಸಲಕ್ಕೆ ಅದ್ದಿ ತೆಗೆದ ನೂಲು ಒಂದು ಲಾಟು. ಅದೇ ಪುಡಿ, ಅದೇ ನೀರು, ಅದೇ ಬೆಂಕಿ ಇಟ್ಟು ನಾಳೆ ಅದ್ದಿದರೂ ನಾಳೆಯದು ಬೇರೆ ಲಾಟು, ಬಣ್ಣ ಕೂದಲೆಳೆಯಷ್ಟು ಬೇರೆ. ಎರಡು ಲಾಟಿನ ನೂಲು ಸೇರಿಸಿ ಬಟ್ಟೆ ನೇಯ್ದರೆ ಮೊದಲ ಒಗೆತಕ್ಕೇ ಪಟ್ಟೆ ಎದ್ದು ಕಾಣುತ್ತದೆ. ಆ ವ್ಯತ್ಯಾಸವನ್ನು ನೇಯುವ ಮೊದಲೇ ಹಿಡಿಯುವುದು ಅವನ ಕೆಲಸವಾಗಿತ್ತು. ಉತ್ತರದ ಕಿಟಕಿಯ ಬೆಳಕಿನಲ್ಲಿ ಎರಡು ಎಳೆ ಹಿಡಿದು, ಕಣ್ಣು ಕಿರಿದು ಮಾಡಿ, "ಬೇರೆ" ಅನ್ನುತ್ತಿದ್ದ. ವ್ಯತ್ಯಾಸ ಇಲ್ಲದಿದ್ದರೆ "ಒಂದೇ ಲಾಟ್" ಅನ್ನುತ್ತಿದ್ದ. ಹಂಡೆಯ ಹುಡುಗರು ಬಾಜಿ ಕಟ್ಟಿ ಎರಡು ಲಾಟಿನ ಎಳೆಗಳನ್ನು ಸೇರಿಸಿ ತಂದು, ಅವನ ಬಾಯಲ್ಲಿ "ಒಂದೇ ಲಾಟ್" ಅನ್ನಿಸಲು ನೋಡುತ್ತಿದ್ದರು. ಒಬ್ಬನಿಗೂ ಆಗಲಿಲ್ಲ. ಮಾಲೀಕ ಎದುರಿಗೆ ನಿಂತು ಹಲ್ಲು ಕಡಿದಾಗಲೂ ಅವನು ಬೇರೆಯನ್ನು ಒಂದು ಅಂದವನಲ್ಲ.

ಅವನ ತಲೆಯ ಬಣ್ಣವೂ ಅವನದೇ ಹದ. ಮೂವತ್ತೊಂಬತ್ತಕ್ಕೇ ನರೆತವನಿಗೆ ಪ್ಯಾಕೆಟ್ಟಿನ ಬರೀ ಕಪ್ಪು ಹಿಡಿಸಲಿಲ್ಲ. "ಇದೇನು ಬೂಟ್ ಪಾಲಿಶ್ಶಾ?" ಎಂದು ತಿರಸ್ಕರಿಸಿ, ಮೂರು ಚಮಚ ಕಪ್ಪಿಗೆ ಒಂದು ಚಮಚ ಕಂದು ಎಂದು ಲೆಕ್ಕ ಹಾಕಿಕೊಟ್ಟ. ಹೆಂಡತಿ ಅದಕ್ಕೆ ಮೂರಕ್ಕೊಂದು ಎಂದು ಹೆಸರಿಟ್ಟಳು. ಹದ ಇವನದು, ಕೈ ಅವಳದು. ನಾಲ್ಕು ವಾರಕ್ಕೊಮ್ಮೆ, ಬಾಯಿ ಒಡೆದ ಪಿಂಗಾಣಿ ಬಟ್ಟಲು, ಹಳೆಯ ಹಲ್ಲುಜ್ಜುವ ಬ್ರಷ್ಷು. ಶುರು ಯಾವಾಗಲೂ ಎಡಗಿವಿಯ ಹಿಂದಿನಿಂದ. ಅವನು ತಲೆ ಎತ್ತಿದರೆ ಬ್ರಷ್ಷಿನ ಹಿಡಿಯಿಂದ ಕಿವಿಯ ಮೇಲೆ ಟಕ್ ಟಕ್ ಎಂದು ಎರಡು ಏಟು. "ಬಗ್ಸಿ ಅಂದ್ರೆ ಬಗ್ಸಬೇಕು. ಆಫೀಸರ್ ಥರ ಕತ್ತೆತ್ತಿಕೊಂಡು ಕೂತ್ರೆ ಬಣ್ಣ ಬೆನ್ನಿಗೆ ಬಳೀತೀನಿ ನೋಡಿ." ಆ ಅರ್ಧ ಗಂಟೆ ಮೇಸ್ತ್ರಿಯ ಜುಟ್ಟು ಪೂರ್ತಿ ಅವಳ ಕೈಯಲ್ಲಿ. ಕ್ಷೌರ ಮಾಡಿಸಿಕೊಂಡು ಬಂದ ದಿನವೂ ಹಾಗೆಯೇ, ಹೊಸಿಲ ಹೊರಗೇ ನಿಲ್ಲಿಸಿ, ಬಟ್ಟೆಯಿಂದ ಕಾಲರು ಕೊಡವಿ, ಕತ್ತಿನ ಹಿಂದೆ ಉಫ್ ಎಂದು ಊದಿ ಆಮೇಲೆ ಒಳಗೆ ಬಿಡುತ್ತಿದ್ದಳು. ಇಷ್ಟಕ್ಕೂ ಇಬ್ಬರೂ ಪ್ರೀತಿ ಗೀತಿ ಎಂದು ಬಾಯಿಬಿಟ್ಟು ಮಾತಾಡಿಕೊಂಡ ಜನ ಅಲ್ಲ.

ಮೂರನೇ ತಿಂಗಳು ಕತ್ತರಿ ಅವನನ್ನು ಹಿಡಿದ. ಕತ್ತರಿ ಎಂದರೆ ಬೀದಿಯ ಕೊನೆಯ ಕ್ಷೌರದಂಗಡಿಯವನು, ಮೇಸ್ತ್ರಿಯದೇ ವಯಸ್ಸು, ಮೂವತ್ತು ವರ್ಷದ ಸಲುಗೆ. ಅವನ ಹೆಸರು ಅವನಿಗೇ ಮರೆತುಹೋಗುವಷ್ಟು ವರ್ಷದಿಂದ ಎಲ್ಲರೂ ಕರೆಯುವುದು ಕತ್ತರಿ ಎಂದೇ. ಬೀದಿಯಲ್ಲಿ ಹೋಗುತ್ತಿದ್ದವನ ರಟ್ಟೆ ಹಿಡಿದು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದ.

"ನನ್ನ ಅಂಗಡಿ ಮುಂದೇನೇ ಈ ತಲೆ ಹೊತ್ಕೊಂಡು ಓಡಾಡ್ತೀಯಲ್ಲ, ನನ್ನ ವ್ಯಾಪಾರದ ಗತಿ ಏನು? ಕತ್ತರಿ ಸತ್ತೋದ ಅನ್ಕೊಳಲ್ವಾ ಜನ?" ಎನ್ನುತ್ತಾ ಕೊರಳಿಗೆ ಬಟ್ಟೆ ಕಟ್ಟಿ, ಬಾಚಣಿಗೆ ಹಾಕಿ, ಕತ್ತರಿ ಎತ್ತಿಯೂ ಬಿಟ್ಟ. ಮೇಸ್ತ್ರಿ ಸರಕ್ಕನೆ ಅವನ ಮಣಿಕಟ್ಟು ಹಿಡಿದ. ಎಷ್ಟು ಬಿಗಿಯಾಗಿ ಹಿಡಿದನೆಂದರೆ ಕತ್ತರಿಗೆ ನಗು ಅರ್ಧಕ್ಕೇ ನಿಂತಿತು.

"ಮುಟ್ಬೇಡ. ತುದಿ ಮುಟ್ಬೇಡ."

"ಯಾಕೋ? ಏನಾಯ್ತು?"

"ಅದು ಅವಳು ಹಚ್ಚಿದ್ದು."

ಕತ್ತರಿ ಕೈ ಇಳಿಸಿದ. ಆಮೇಲೆ ಕೊರಳ ಬಟ್ಟೆ ಬಿಚ್ಚಿದ. "ಅತ್ತಿಗೇದು ಅಂತ ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ" ಎಂದು ಬೈದು, ತನ್ನ ಬೈಗುಳಕ್ಕೆ ತಾನೇ ನಾಚಿ ಬಾಚಣಿಗೆ ಒರೆಸತೊಡಗಿದ. "ಯಾವತ್ತು ತೆಗೀಬೇಕು ಅನ್ಸುತ್ತೋ ಅವತ್ತು ಬಾ. ಒಂದೆಳೆ ನೆಲಕ್ಕೆ ಬೀಳ್ದಂಗೆ ಕಾಗದದಲ್ಲಿ ಹಿಡ್ಕೊಡ್ತೀನಿ."

ಈ ವಿಷಯ ಗೊತ್ತಿದ್ದದ್ದು ಅವನೊಬ್ಬನಿಗೇ. ಮಗಳಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಅವಳಿಗೂ ಇವನಿಗೂ ನಡುವೆ ಇದ್ದ ಮಾತೆಲ್ಲ ಅಮ್ಮನ ಮೂಲಕ ಹೋಗಿ ಅಮ್ಮನ ಮೂಲಕ ಬರುತ್ತಿದ್ದದ್ದು. ‘ಅಪ್ಪಂಗೆ ಹೇಳಮ್ಮ’, ‘ನಿನ್ನ ಮಗಳನ್ನ ಕೇಳು’ ಎಂದೇ ಮೂವತ್ತೈದು ವರ್ಷ ಸಂಸಾರ ನಡೆದಿತ್ತು. ಈಗ ಅಂಚೆಯವಳೇ ಇಲ್ಲ. ಎರಡು ಬಸ್ಸು ಬದಲಾಯಿಸಿ ಪ್ರತಿ ಭಾನುವಾರ ಮಗಳು ಬರುತ್ತಿದ್ದಳು, ವಾರಕ್ಕಾಗುವಷ್ಟು ಸಾರು ಪಲ್ಯ ಡಬ್ಬಿಗೆ ತುಂಬಿಡುತ್ತಿದ್ದಳು, ಹೋಗುವಾಗ ಅವನ ತಲೆ ನೋಡಿ ಹಣೆ ಗಂಟಿಕ್ಕುತ್ತಿದ್ದಳು. ಆಸ್ಪತ್ರೆಯೊಂದರ ಔಷಧದ ಕೌಂಟರಿನಲ್ಲಿ ಕೆಲಸ ಅವಳಿಗೆ. ಗುಳಿಗೆ ಎಣಿಸಿದ ಹಾಗೆ ಮಾತನ್ನೂ ಎಣಿಸಿಯೇ ಕೊಡುವವಳು.

"ಅಪ್ಪ, ಕತ್ತರಿಸ್ಕೋ, ಇಲ್ಲ ಹಚ್ಕೋ. ಎರಡರಲ್ಲಿ ಒಂದು ಮಾಡು."

"ನೋಡೋಣ."

"ಎಂಟು ವಾರದಿಂದ ನೋಡೋಣ ಅಂತಿದೀಯ."

"ನೋಡೋಣಮ್ಮ."

ಆದರೆ ಕಪ್ಪು ಕಾಯುತ್ತಾ ಕೂರುವಂಥದಲ್ಲ ಎಂಬುದನ್ನು ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಚಿದಾಗಲೆಲ್ಲ ಎರಡು ಮೂರು ಎಳೆ ಉದುರುತ್ತಿದ್ದವು. ಮೊದಮೊದಲು ಅವನ್ನು ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟ. ಅದು ಗಂಟುಗಂಟಾಗಿ ಚರಂಡಿಯಿಂದ ತೆಗೆದ ಕಸದ ಹಾಗೆ ಕಂಡಾಗ ಎಸೆದುಬಿಟ್ಟ. ಬಿಸಿಲಿಗೂ ಸೋಪಿಗೂ ಬಣ್ಣ ತುಕ್ಕಿನ ಕಡೆಗೆ ತಿರುಗುತ್ತದೆ. ಹೀಗೇ ಬಿಟ್ಟರೆ ವರ್ಷದೊಳಗೆ ಅವಳ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ. ಕಾರ್ಖಾನೆಯಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಪ್ರತಿ ಲಾಟಿನಿಂದಲೂ ಒಂದು ಸಣ್ಣ ಕುಚ್ಚು ಕತ್ತರಿಸಿ, ದಪ್ಪ ಬಿಳಿ ಕಾರ್ಡಿನ ಎರಡು ಸೀಳುಗಳಲ್ಲಿ ತೂರಿಸಿ, ಕೆಳಗೆ ಬಣ್ಣದ ಹೆಸರು, ತಾರೀಖು ಬರೆದು, ಬೆಳಕು ತಾಗದ ಡ್ರಾಯರಿನಲ್ಲಿ ಇಡುವುದು. ನೂಲೆಲ್ಲ ಬಟ್ಟೆಯಾಗಿ, ಬಟ್ಟೆ ಹರಿದು ಚಿಂದಿಯಾದರೂ ಆ ಕುಚ್ಚು ಇರುತ್ತದೆ, ಹಂಡೆಯಿಂದ ತೆಗೆದ ದಿನ ಹೇಗಿತ್ತೋ ಹಾಗೆ.

ನಿವೃತ್ತಿಯ ದಿನ ಅಂಥ ಹತ್ತು ಖಾಲಿ ಕಾರ್ಡು ಕೇಳಿ ತಂದಿದ್ದ. ಯಾಕೆ ತಂದೆನೆಂದು ಆಗ ಅವನಿಗೂ ಗೊತ್ತಿರಲಿಲ್ಲ. ‘ನಮ್ಮನೇಲಿ ಬೇರೆ ಕಸ ಇರ್ಲಿಲ್ಲ ನೋಡಿ’ ಎಂದಿದ್ದಳು ಹೆಂಡತಿ. ಈಗ ಒಂದನ್ನು ತೆಗೆದು, ದುಂಡಗಿನ ಅಕ್ಷರದಲ್ಲಿ ‘ಮೂರಕ್ಕೊಂದು’ ಎಂದು ಬರೆದ. ಕೆಳಗೆ ಆ ಭಾನುವಾರದ ತಾರೀಖು. ಬ್ಲೇಡಿನಿಂದ ಎರಡು ಸೀಳು ಹಾಕಿ ಮೇಜಿನ ಡ್ರಾಯರಿನಲ್ಲಿಟ್ಟ. ಇನ್ನು ಕತ್ತರಿಸಿ ತೂರಿಸುವುದೊಂದೇ ಬಾಕಿ.

ಕತ್ತರಿಸಲು ಕೂತರೆ ಕಣ್ಣು ಕೈಕೊಟ್ಟಿತು. ಪೊರೆ ಬಂದು ಎಲ್ಲವೂ ಹಳೆಯ ಎಣ್ಣೆಯ ಬಾಟಲಿಯ ಮೂಲಕ ನೋಡಿದ ಹಾಗೆ ಹಳದಿ. ಕಪ್ಪು ಎಲ್ಲಿಗೆ ಮುಗಿಯಿತು, ಮಾಸಿದ್ದು ಎಲ್ಲಿಂದ, ಯಾವ ಎಳೆ ಚೆನ್ನಾಗಿ ಹಿಡಿದಿದೆ, ಒಂದೂ ತಿಳಿಯುತ್ತಿರಲಿಲ್ಲ. ಜೀವಮಾನವೆಲ್ಲ ಪರರ ನೂಲಿಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದವನು ತನ್ನವಳದ್ದಕ್ಕೆ ಅಂದಾಜಿನಲ್ಲಿ ಕತ್ತರಿ ಹಾಕುವುದೇ? ಆಗಲ್ಲ. ಮೂರು ವರ್ಷದಿಂದ ಬೇಡ ಬೇಡ ಎಂದು ಮುಂದೂಡಿದ್ದ ಆಪರೇಷನ್ನಿಗೆ ತಾನೇ ಒಪ್ಪಿಕೊಂಡ. ಮಗಳಿಗೆ ಆಶ್ಚರ್ಯ, ಸಂತೋಷ. ಅಪ್ಪನಿಗೆ ಮತ್ತೆ ಬದುಕುವ ಆಸೆ ಬಂತು ಎಂದುಕೊಂಡಳು ಪಾಪ.

ಬಲಗಣ್ಣಿನ ಆಪರೇಷನ್ ಸಲೀಸಾಗಿ ಆಯಿತು. ಮಗಳು ರಜೆ ಹಾಕಿ ನಾಲ್ಕು ದಿನ ಇದ್ದಳು. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಿದಳು, ಮನೆಯೆಲ್ಲ ತೊಳೆದಳು, ಬಚ್ಚಲಿನ ಮೇಲಿನ ಗೂಡನ್ನೂ ಬಿಡಲಿಲ್ಲ. ವೈದ್ಯರದ್ದು ಎರಡು ಅಪ್ಪಣೆ: ತಿಂಗಳು ಕಳೆದ ಮೇಲೆ ಹತ್ತಿರ ನೋಡುವುದಕ್ಕೆ ಕನ್ನಡಕ, ಅಲ್ಲಿಯವರೆಗೆ ತಲೆಗೆ ನೀರಿಲ್ಲ. ಒಂದು ತಿಂಗಳು ಅವನ ತಲೆ ಎಣ್ಣೆ ಜಿಡ್ಡು ಹಿಡಿದು ಕೂತಿತು. ಅದಕ್ಕೆ ಮೇಸ್ತ್ರಿಗೆ ಬೇಜಾರಿರಲಿಲ್ಲ. ತೊಳೆದು ಒಣಗಿಸದ ನೂಲಿನ ಬಣ್ಣ ನೋಡಬಾರದು ಎಂಬುದು ಅವನೇ ಹುಡುಗರಿಗೆ ಹೇಳಿಕೊಟ್ಟ ಪಾಠ. ಕನ್ನಡಕ ಬರಲಿ, ತಲೆ ತೊಳೆಯಲಿ, ಕಿಟಕಿಯ ಹತ್ತಿರ ಕೂತು ಕಣ್ತುಂಬ ಒಂದು ಸಲ ನೋಡಿ, ಆಮೇಲೆ ಕತ್ತರಿಯ ಹತ್ತಿರ ಹೋಗುವುದು. ಆ ತಿಂಗಳು ಅವನಿಗೆ ನಿದ್ದೆಯೂ ಸ್ವಲ್ಪ ಬಂತು.

ಕನ್ನಡಕ ಶನಿವಾರ ಬಂತು. ಅದೇ ದಿನ ಕತ್ತರಿಯ ಅಂಗಡಿಗೆ ಹೋಗಿ, ಕಾರ್ಡಿನ ವಿಷಯ ಹೇಳಿ, "ನಾಳೆ ಸಾಯಂಕಾಲ ಬರ್ತೀನಿ" ಎಂದ. ಕತ್ತರಿ ಡ್ರಾಯರ್ ಎಳೆದು ಒಂದು ಬಿಳಿ ಕಾಗದ ತೋರಿಸಿದ. ಐದು ತಿಂಗಳಿಂದ ಮಡಿಸಿಟ್ಟದ್ದು, ಅಂಚು ಹಳದಿಯಾಗಿತ್ತು.

ಭಾನುವಾರ ಮಗಳು ಬೇಗನೇ ಬಂದಳು. "ಡಾಕ್ಟರನ್ನ ಕೇಳಿದೀನಿ. ಇವತ್ತು ತಲೆ ತೊಳೀಬೋದು. ಆದ್ರೆ ಒಂದು ಹನೀನೂ ಕಣ್ಣಿಗೆ ಬೀಳಬಾರ್ದು, ನಾನೇ ತೊಳೀತೀನಿ" ಎಂದಳು. ಮುಖದಲ್ಲಿ ಏನೋ ಕಳ್ಳ ನಗು ಇತ್ತು. ಮೇಸ್ತ್ರಿ ಗಮನಿಸಲಿಲ್ಲ. ಅವನ ಮನಸ್ಸು ಕಿಟಕಿಯ ಹತ್ತಿರ ಇತ್ತು.

ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿ, ಮಡಿಸಿದ ಕರವಸ್ತ್ರ ಕಣ್ಣಿಗೆ ಇಟ್ಟು, ಮೇಲೆ ಟವೆಲ್ಲಿನ ಪಟ್ಟಿ ಬಿಗಿದಳು. ಎರಡು ಸಲ ಸೋಪು, ನಾಲ್ಕು ಸಲ ನೀರು. ತಿಂಗಳ ಜಿಡ್ಡು ಇಳಿದು ತಲೆ ಹಗುರಾಯಿತು. ಒಣ ಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿದಳು. ಮೇಸ್ತ್ರಿ ಕಣ್ಣಿನ ಪಟ್ಟಿಗೆ ಕೈ ಹಾಕಿದ.

"ಬಿಚ್ಬೇಡಪ್ಪ. ಸುಮ್ನೆ ಕೂತಿರು. ಇನ್ನೂ ಇದೆ."

"ಇನ್ನೇನಿದೆ?"

"ಇದೆ. ಕೂತ್ಕೋ."

ಬಟ್ಟಲಿನಲ್ಲಿ ಚಮಚ ಆಡುವ ಸದ್ದು ಕೇಳಿತು. ಎಣ್ಣೆ ಇರಬೇಕು ಎಂದುಕೊಂಡ. ಅಷ್ಟರಲ್ಲಿ ವಾಸನೆ ಬಂತು. ಹಸಿ ಕಬ್ಬಿಣದಂಥ, ಮೂಗಿನ ಮೂಲೆ ಉರಿಸುವ ಆ ವಾಸನೆ. ಬೇಡ ಅನ್ನಲು ಬಾಯಿ ತೆರೆದ. ಆಗಲೇ ಎಡಗಿವಿಯ ಹಿಂದೆ ತಣ್ಣಗೆ ಬ್ರಷ್ಷು ತಾಗಿತು. ಅವನು ತಲೆ ಎತ್ತಿದ. ಕಿವಿಯ ಮೇಲೆ ಟಕ್ ಟಕ್ ಎಂದು ಎರಡು ಏಟು ಬಿತ್ತು.

"ಬಗ್ಸು."

ಅಯ್ಯೋ, ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ! ‘ಬೇಡ’ ಎಂದಿದ್ದರೆ ಸಾಕಿತ್ತು. ಆಗಿನ್ನೂ ಹಾಳಾಗಿದ್ದದ್ದು ಕಿವಿಯ ಹಿಂದಿನ ಒಂದು ಕುಚ್ಚು ಮಾತ್ರ. ನೆತ್ತಿ, ಕತ್ತು, ಬಲಭಾಗ ಎಲ್ಲವೂ ಇನ್ನೂ ಅವಳದ್ದೇ. ಅದು ಅವನಿಗೆ ಗೊತ್ತಿತ್ತು, ಕಣ್ಣು ಕಟ್ಟಿದ್ದರೂ ನಕಾಶೆ ಬಿಡಿಸಿದ ಹಾಗೆ ಗೊತ್ತಿತ್ತು. ಆದರೆ ಬಗ್ಗಿಸಿದ ತಲೆ ಬಗ್ಗಿಸಿಯೇ ಇತ್ತು. ಕಣ್ಣು ಮುಚ್ಚಿದವನಿಗೆ ಎಂಟು ತಿಂಗಳು ಇರಲೇ ಇಲ್ಲ. ಅದೇ ಕಟ್ಟೆ, ಅದೇ ವಾಸನೆ, ಬಟ್ಟಲಿನ ಒಡೆದ ಬಾಯಿಗೆ ಬ್ರಷ್ಷು ಒರೆಸುವ ಅದೇ ಸದ್ದು. ಈಗ ಕತ್ತಿಗೆ ಬರುತ್ತಾಳೆ ಎಂದುಕೊಂಡ, ಬ್ರಷ್ಷು ಬಂದಿತು. ಈಗ ಬಲಗಿವಿ, ಬಂದಿತು. ಇನ್ನೊಂದು ನಿಮಿಷ, ಆಮೇಲೆ ಹೇಳುತ್ತೇನೆ. ಇನ್ನೊಂದೇ ನಿಮಿಷ. ಕೊನೆಗೆ ನೆತ್ತಿಯ ಮೇಲೂ ಬ್ರಷ್ಷು ಓಡಾಡಿತು, ಮುಗಿಯಿತು. ಕಣ್ಣಿಗೆ ನೀರು ಬೀಳಬಾರದು ಎಂದಿದ್ದರು ವೈದ್ಯರು. ಒಳಗಿಂದ ಬಂದರೆ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ.

ಅರ್ಧ ಗಂಟೆ ಬಿಟ್ಟು ತೊಳೆದಳು, ಒರೆಸಿದಳು, ಪಟ್ಟಿ ಬಿಚ್ಚಿದಳು. ಒದ್ದೆಯಾದ ಕರವಸ್ತ್ರ ನೋಡಿ, "ಸೋಪಿನ ನೀರು ಹೋಯ್ತಾ?" ಎಂದು ಗಾಬರಿಯಾದಳು. ಅವನು ಇಲ್ಲ ಎಂದು ತಲೆ ಆಡಿಸಿದ. ಹೊಸ ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಹೋಗಿ ಕೂತ. ಕನ್ನಡಿ ಬೇಡ ಎಂದ. ಭುಜದ ಮೇಲಿಂದ ಒಂದು ಕುಚ್ಚು ಎಳೆದು, ಎರಡು ಬೆರಳಿನ ನಡುವೆ ಹರಡಿ, ಬೆಳಕಿಗೆ ಹಿಡಿದ.

ಕಣ್ಣು ಹೊಸದಾಗಿತ್ತು. ಕಿಟಕಿಯ ಸರಳಿನ ತುಕ್ಕು, ಉಗುರಿನ ಗೀರು, ಹೊರಗೆ ಒಣಹಾಕಿದ ಬಟ್ಟೆಯ ಹೊಲಿಗೆ, ಎಲ್ಲವೂ ನಿಚ್ಚಳ. ಅಂಥ ಕಣ್ಣಿನಿಂದ ಬುಡದಿಂದ ತುದಿಗೆ ನೋಡಿದ, ತುದಿಯಿಂದ ಬುಡಕ್ಕೆ ನೋಡಿದ. ಗೆರೆ ಇಲ್ಲ. ಇನ್ನೊಂದು ಕುಚ್ಚು ತೆಗೆದು ನೋಡಿದ. ಅಲ್ಲೂ ಇಲ್ಲ. ಮಾಸಿದ ತುದಿ ಎಷ್ಟು ಕುಡಿಯಬೇಕೋ ಅಷ್ಟು ಕುಡಿದು, ಬಿಳಿ ಬುಡ ಎಷ್ಟು ಹಿಡಿಯಬೇಕೋ ಅಷ್ಟು ಹಿಡಿದು, ಉದ್ದಕ್ಕೂ ಒಂದೇ ಕಪ್ಪು. ಒಳಗೆ ಕಂದಿನ ಸುಳಿವಿರುವ, ಬೂಟ್ ಪಾಲಿಶ್ ಅಲ್ಲದ ಆ ಕಪ್ಪು.

"ಹದ ಎಲ್ಲಿ ಸಿಕ್ತು ನಿಂಗೆ? ಬರೆದಿಟ್ಟಿದ್ಲಾ?"

"ಬರೆದಿಡೋದೇನು, ಚಿಕ್ಕವಳಿದ್ದಾಗ ಬಟ್ಟಲು ಹಿಡ್ಕೊಂಡು ನಿಲ್ತಿದ್ದೋಳು ನಾನೇ ಅಲ್ವಾ? ಮೂರಕ್ಕೊಂದು. ಚಮಚದ ಮೇಲಿನ ಗುಪ್ಪೆ ತಟ್ಟಿ ಹಾಕ್ಬೇಕು" ಎಂದಳು. ಇದ್ದಕ್ಕಿದ್ದಂತೆ ಅವಳ ಮಾತಿನ ಕಟ್ಟೆ ಒಡೆಯಿತು. "ಮನೆ ತೊಳೆಯೋವಾಗ ಗೂಡಲ್ಲಿ ಬಟ್ಟಲು, ಪುಡಿ ಎಲ್ಲಾ ಸಿಕ್ತು. ಅವತ್ತೇ ಅನ್ಕೊಂಡೆ. ನಿಂಗೆ ಹೇಳಿದ್ರೆ ನೋಡೋಣ ಅಂತೀಯ. ಅಪ್ಪ, ಆ ಗೆರೆ ನೋಡಕ್ಕಾಗ್ತಿರ್ಲಿಲ್ಲ ನಂಗೆ. ಪ್ರತಿ ಭಾನುವಾರ ಬಾಗಿಲು ತೆಗೆದ ತಕ್ಷಣ ಅದೇ ಕಾಣೋದು. ಇಲ್ಲೀವರೆಗೆ ಅಮ್ಮ ಇದ್ಲು, ಇಲ್ಲಿಂದ ಇಲ್ಲ. ವಾರಾ ವಾರಾ ಅದು ಕೆಳಗೆ ಕೆಳಗೆ ಹೋಗ್ತಿತ್ತು. ಬಸ್ಸಲ್ಲಿ ಅಳ್ತಾ ಹೋಗ್ತಿದ್ದೆ, ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಅವನು ಕಾಯ್ದುಕೊಂಡು ಬಂದ ಗೆರೆಯನ್ನೇ ಅವಳು ಪ್ರತಿ ವಾರ ನೋಡುತ್ತಿದ್ದಳು ಎಂದು, ಅಷ್ಟೇ ಅಳತೆಯಿಟ್ಟು ನೋಡುತ್ತಿದ್ದಳು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಹೇಳಿಬಿಡಲೇ ಎಂದು ಬಾಯಿಗೆ ಬಂತು. ಡ್ರಾಯರ್ ತೆಗೆದು ಕಾರ್ಡು ತೋರಿಸಿದರೆ ಸಾಕು, ಒಂದು ಮಾತೂ ಬೇಕಿಲ್ಲ. ತೋರಿಸಿದರೆ ಈ ಹುಡುಗಿ ಮಿಕ್ಕ ಜೀವಮಾನವೆಲ್ಲ ಇವತ್ತಿನ ಬೆಳಿಗ್ಗೆಯನ್ನು ಹೊತ್ತುಕೊಂಡು ತಿರುಗುತ್ತಾಳೆ, ತಾನು ಆ ನಲ್ಲಿಯ ಸಿಡುಕನ್ನು ಹೊತ್ತುಕೊಂಡು ತಿರುಗುವ ಹಾಗೆ. ಅಮ್ಮನ ಕೈ ಅವಳಿಗೆ ಬಂದಿದ್ದರೆ ಅದು ಅವಳ ತಪ್ಪೇ?

"ಹೇಳಪ್ಪ, ಹೇಗಿದೆ? ಸರಿ ಬಂದಿಲ್ವಾ?"

ಅವಳು ಕೇಳಿದ್ದು ಮಗಳಾಗಿ. ಆದರೆ ಕುಚ್ಚು ಬೆರಳಿನಲ್ಲಿತ್ತು, ಬೆಳಕು ಎದುರಿಗಿತ್ತು, ಮೂವತ್ತನಾಲ್ಕು ವರ್ಷ ಸುಳ್ಳು ಹೇಳದ ಬಾಯಿ ಅದು. ಮೇಸ್ತ್ರಿ ಮತ್ತೊಮ್ಮೆ ನೋಡಿದ. ಎಲ್ಲಾದರೂ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಸಿಗಲಿ ಎಂದು, ಬದುಕಿನಲ್ಲಿ ಮೊದಲ ಸಲ, ಬೇಡಿಕೊಳ್ಳುತ್ತಾ ನೋಡಿದ.

"ಒಂದೇ ಲಾಟ್" ಎಂದ.

ಆ ಮಾತಿನ ತೂಕ ಮಗಳಿಗೆ ಗೊತ್ತಿತ್ತು. ಅವಳು ನಕ್ಕಳು, ನಗುತ್ತಲೇ ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡು, "ನಾಲ್ಕು ವಾರ ಬಿಟ್ಟು ಮತ್ತೆ ಹಚ್ತೀನಿ" ಎಂದಳು.

"ಬೇಡಮ್ಮ. ಇದೊಂದು ಸಲ ಸಾಕು. ಇನ್ಮೇಲೆ ಬೆಳ್ಳಗೇ ಬರ್ಲಿ."

"ಯಾಕೆ? ಚೆನ್ನಾಗಿ ಬಂದಿದೆ ಅಂದ್ಯಲ್ಲ?"

"ಚೆನ್ನಾಗೇ ಬಂದಿದೆ. ವಯಸ್ಸಾಯ್ತಲ್ಲ, ಸಾಕು. ಸಾಯಂಕಾಲ ಕಟಿಂಗ್ ಮಾಡಿಸ್ಕೊಂಡು ಬರ್ತೀನಿ, ಆಯ್ತಾ?"

ಕಟಿಂಗ್ ಎಂದದ್ದಕ್ಕೆ ಅವಳಿಗೆ ಸಮಾಧಾನವಾಯಿತು. ಡಬ್ಬಿಗಳನ್ನು ತುಂಬಿಟ್ಟು, ಬಟ್ಟಲು ತೊಳೆದು ಗೂಡಿನಲ್ಲಿ ಕವುಚಿ, ಮೂರು ಗಂಟೆಯ ಬಸ್ಸಿಗೆ ಹೊರಟಳು. ಅವತ್ತು ಅವಳು ಅಳದೆ ಹೋಗುತ್ತಾಳೆ ಎಂದು ಮೇಸ್ತ್ರಿಗೆ ಅನ್ನಿಸಿತು.

ಸಾಯಂಕಾಲ ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ. ಕತ್ತರಿ ಗಿರಾಕಿಗಳನ್ನೆಲ್ಲ ಸಾಗಹಾಕಿ, ನೆಲ ಗುಡಿಸಿ, ಬಿಳಿ ಕಾಗದ ಹರಡಿಕೊಂಡು ಕಾಯುತ್ತಿದ್ದ. ತಲೆ ನೋಡಿದವನೇ ಬೆಪ್ಪಾದ.

"ಇದೇನೋ ಇದು? ಯಾರು ಮಾಡಿದ್ದು?"

"ಮಗಳು. ಅವಳಿಗೆ ಗೊತ್ತಿರ್ಲಿಲ್ಲ."

"ನಿಂಗೆ ಗೊತ್ತಿತ್ತಲ್ಲ! ಬೇಡ ಅನ್ನೋಕೆ ಬಾಯಿರ್ಲಿಲ್ವಾ?"

"ಹಚ್ಚಿಸ್ಕೊಂಡೆ" ಎಂದ ಮೇಸ್ತ್ರಿ. "ಅವಳ ಥರಾನೇ ಹಚ್ಚಿದ್ಲು. ಹಚ್ಚಿಸ್ಕೊಂಡೆ."

ಕತ್ತರಿ ಕೊರಳಿಗೆ ಬಟ್ಟೆ ಕಟ್ಟಿದ. ಎಷ್ಟು ತೆಗೆಯಲಿ ಎಂದದ್ದಕ್ಕೆ, ಅವಳಿದ್ದಾಗ ಎಷ್ಟು ತೆಗೆಯುತ್ತಿದ್ದೆಯೋ ಅಷ್ಟು ಎಂಬ ಉತ್ತರ ಬಂತು. ಮಾತು ಕೊಟ್ಟಿದ್ದ ಹಾಗೆ ಒಂದೆಳೆಯೂ ನೆಲಕ್ಕೆ ಬೀಳದಂತೆ ಕುಚ್ಚು ಕುಚ್ಚಾಗಿ ಹಿಡಿದು ಕತ್ತರಿಸಿ, ಬುಡ ಒಂದು ಕಡೆ ತುದಿ ಒಂದು ಕಡೆ ಬರುವಂತೆ ಕಾಗದದ ಮೇಲೆ ಜೋಡಿಸಿಟ್ಟ. ಆಮೇಲೆ ಬಾಚಣಿಗೆಯ ತುದಿಯಿಂದ ತೋರಿಸಿದ.

"ನೋಡು, ತುದಿಯ ಮೂರು ಬೆರಳು ಅತ್ತಿಗೇದೇ ಅಲ್ವಾ? ಮೇಲೆ ಏನು ಬಿದ್ರೇನು, ಒಳಗಿರೋದು ಅವರದ್ದೇ. ಅಳತೆ ನಂಗೆ ಗೊತ್ತಿದೆ. ಅಷ್ಟು ಕತ್ತರಿಸ್ಕೊಡ್ತೀನಿ, ನಿನ್ನ ಕಾರ್ಡಿಗೆ ಹಾಕ್ಕೋ. ಯಾರು ಕೇಳ್ತಾರೆ?"

ಮೇಸ್ತ್ರಿ ಕಾರ್ಡು ತೆಗೆದ. ‘ಮೂರಕ್ಕೊಂದು’ ಎಂಬ ಅಕ್ಷರ, ಆ ಭಾನುವಾರದ ತಾರೀಖು, ಎರಡು ಖಾಲಿ ಸೀಳು. ಸೀಳುಗಳ ಮೇಲೆ ಹೆಬ್ಬೆರಳು ಆಡಿಸಿದ. ಕತ್ತರಿ ಹೇಳಿದ್ದು ತಪ್ಪಲ್ಲ, ಕೇಳುವವರೂ ಯಾರೂ ಇರಲಿಲ್ಲ.

"ಎರಡನೇ ಸಲ ಅದ್ದಿದ ನೂಲಿಗೆ ಹಳೇ ತಾರೀಖು ಹಾಕೋ ಹಾಗಿಲ್ಲ" ಎಂದು ಕಾರ್ಡನ್ನು ಜೇಬಿಗೆ ಹಾಕಿಕೊಂಡ. "ಗುಡಿಸಿಬಿಡು."

ಕತ್ತರಿ ಕಾಗದ ಹಿಡಿದು ನಿಂತೇ ಇದ್ದ. ಮೇಸ್ತ್ರಿ ಹೊರಗೆ ಬಂದ.

ದಿನಸಿ ಅಂಗಡಿಯವನು ದೂರದಿಂದಲೇ ಕೈ ಎತ್ತಿ, "ಆಹಾ, ಈಗ ನೋಡಿ ನಮ್ಮ ಹಳೇ ಮೇಸ್ತ್ರಿ! ಏನೂ ಆಗೇ ಇಲ್ಲ ಅನ್ನೋ ಹಾಗಿದೀರಿ" ಎಂದು ಕೂಗಿದ. ಎದುರು ಮನೆಯ ಅಜ್ಜಿಯೂ ಕಣ್ಣಿನ ಮೇಲೆ ಕೈಯಿಟ್ಟು ನೋಡಿ, ಸದ್ಯ ಬುದ್ಧಿ ಬಂತಲ್ಲ ಎಂದಳು. ನಿಜಕ್ಕೂ ಹಾಗೆಯೇ ಇದ್ದ. ಎಂಟು ತಿಂಗಳ ಹಿಂದಿನ ಆ ಭಾನುವಾರ ಕಟ್ಟೆಯಿಂದ ಎದ್ದವನ ಹಾಗೇ ಇದ್ದ.

ಮನೆ ಮುಟ್ಟಿದ. ಕತ್ತಿನ ಹಿಂದೆ ಸಣ್ಣ ಕೂದಲು ಚುಚ್ಚುತ್ತಿತ್ತು. ಹೊಸಿಲ ಹೊರಗೆ, ಬಾಗಿಲಿಗೆ ಬೆನ್ನು ಹಾಕಿ, ತಲೆ ಬಗ್ಗಿಸಿ ನಿಂತ. ಹಾಗೆ ನಿಂತಿದ್ದೇನೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತಾನೇ ಕಾಲರು ಕೊಡವಿಕೊಂಡು, ಬೀಗ ತೆಗೆದು ಒಳಗೆ ಹೋದ.